ಮೈ ಗಟ್ಟಿ, ಎಲುಬು ಪುಡಿ

ನಮ್ಮ ದೊಡ್ಡಪ್ಪನ ಕಾರು ಹದಿನೇಳು ವರ್ಷ ಸಂತೆಕಟ್ಟೆ ಮನೆಯ ಹಿಂದಿನ ಹಂಚಿನ ಕೊಟ್ಟಿಗೆಯಲ್ಲಿ ನಿಂತಿತ್ತು. ಅದರ ಮೇಲೆ ತೆಂಗಿನಕಾಯಿ ರಾಶಿ ಹಾಕಿದ್ದರು, ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು, ಒಂದು ಮಳೆಗಾಲದಲ್ಲಿ ಕೊಟ್ಟಿಗೆಯ ಪಕ್ಕಾಸು ಮುರಿದು ಅದರ ತಲೆ ಮೇಲೇ ಬಿದ್ದಿತ್ತು. ಆದರೂ ಕಳೆದ ಬೇಸಿಗೆಯಲ್ಲಿ ಪೈಪಿನಿಂದ ನೀರು ಬಿಟ್ಟು ತೊಳೆದಾಗ ಮೈಯಲ್ಲಿ ಒಂದು ಚುಕ್ಕೆ ತುಕ್ಕು ಕಾಣಲಿಲ್ಲ. ದೊಡ್ಡಪ್ಪನಿಗೆ ಎಪ್ಪತ್ತಾರು. ಬಾನೆಟ್ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿ, "ನೋಡಿದ್ಯಾ? ಬೇರೆ ಗಾಡಿ ಆಗಿದ್ರೆ ಇಷ್ಟೊತ್ತಿಗೆ ಗುಜರಿಯವನಿಗೂ ಬೇಡ ಆಗ್ತಿತ್ತು" ಅಂದ್ರು.

ಮೇಸ್ತ್ರಿ ಏನೂ ಹೇಳಲಿಲ್ಲ. ಗೋಣಿ ಹಾಸಿ ಕಾರಿನ ಅಡಿಗೆ ತೂರಿ, ಸ್ಕ್ರೂಡ್ರೈವರ್ ತೆಗೆದು ಚಾಸಿಗೆ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯ್ತು. ಹೊರಗೆಳೆದಾಗ ಕಾಫಿ ಪುಡಿಯಂಥ ಕಂದು ಪುಡಿ ಅವರ ಮುಖದ ಮೇಲೆ ಸುರಿಯಿತು.

"ಮೈ ಗಟ್ಟಿ ಉಂಟು ಧಣಿ. ಎಲುಬೇ ಇಲ್ಲ."

ಕಾರು ಸಿಪಾನಿ ಡಾಲ್ಫಿನ್. ನನಗಿಂತ ಚಿಕ್ಕವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ, ನನ್ನ ವಯಸ್ಸಿನವರೂ ಬಹಳ ಮಂದಿ ನೋಡಿರಲಿಕ್ಕಿಲ್ಲ. ಬೆಂಗಳೂರಿನಲ್ಲಿ ತಯಾರಾದ ಕಾರು ಇದು. ಮೊದಲು ಬಾದಲ್ ಅನ್ನುವ ಮೂರು ಚಕ್ರದ ವಿಚಿತ್ರ ಗಾಡಿ ಮಾಡುತ್ತಿದ್ದ ಸನ್‌ರೈಸ್ ಆಟೋಮೋಟಿವ್ ಕಂಪನಿ, ಮುಂದೆ ಸಿಪಾನಿ ಆದದ್ದು, 1982ರಲ್ಲಿ ಇದನ್ನು ಬೀದಿಗಿಳಿಸಿತು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್ (ಅಂಬಾನಿಯವರ ರಿಲಯನ್ಸ್ ಅಲ್ಲ, ರಿಲಯಂಟ್). ಎರಡು ಬಾಗಿಲು, 848 ಸಿ.ಸಿ.ಯ ಪೂರ್ತಿ ಅಲ್ಯೂಮಿನಿಯಂ ಎಂಜಿನ್, ಕಬ್ಬಿಣದ ಚಾಸಿ, ಅದರ ಮೇಲೆ ಫೈಬರ್ ಗ್ಲಾಸ್ ಮೈ.

ಇದನ್ನು ಸ್ಪೋರ್ಟ್ಸ್ ಕಾರ್ ಅನ್ನಬಹುದಾ? ನೋಡಿದರೆ ಯಾರೂ ಅನ್ನುವುದಿಲ್ಲ, ಬೇಕರಿಯವನು ಬ್ರೆಡ್ ಇಡುವ ಡಬ್ಬದ ಹಾಗೆ ಉಂಟು. ಆದರೆ ಅಂಬಾಸಿಡರ್ ಒಂದು ಟನ್ ದಾಟಿ ತೂಗುತ್ತಿದ್ದ ಕಾಲದಲ್ಲಿ ಇದರ ಮೂಲವಾದ ಕಿಟನ್ನಿನ ತೂಕ ಐನೂರು ಚಿಲ್ಲರೆ ಕಿಲೋ. ಹಾಗಾಗಿ ದಕ್ಷಿಣ ಭಾರತದ ರ‍್ಯಾಲಿ ಹುಡುಗರು ಇದನ್ನು ಬಿಡಲಿಲ್ಲ. ಸಂಸಾರಸ್ಥರು ಬೇಡ ಅಂದ ಕಾರು ರೇಸಿನವರ ಮುದ್ದಿನ ಕಾರಾಯ್ತು. ಸಂಸಾರಸ್ಥರು ಯಾಕೆ ಬೇಡ ಅಂದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1983ರ ಡಿಸೆಂಬರ್ 14ಕ್ಕೆ ಮಾರುತಿ 800ರ ಮೊದಲ ಕೀಲಿಕೈ ಕೊಟ್ಟರು, ಅಲ್ಲಿಗೆ ಮುಗಿಯಿತು. ದೊಡ್ಡಪ್ಪ ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು. ಮಾರುತಿಗೆ ಲಕ್ಷಕ್ಕೂ ಮೀರಿ ಜನ ಬುಕ್ ಮಾಡಿ ಕಾಯುತ್ತಿದ್ದರು, ಡಾಲ್ಫಿನ್‌ಗೆ ಕ್ಯೂ ಇರಲಿಲ್ಲ. 1984ರಲ್ಲಿ ಇದನ್ನೇ ತಗೊಂಡು ಘಾಟಿ ಇಳಿದು ಊರಿಗೆ ಬಂದರು. ದೊಡ್ಡಮ್ಮ ಇವತ್ತಿಗೂ ಹೇಳುವುದು ಒಂದೇ: "ಸ್ವಲ್ಪ ತಾಳ್ಮೆ ಇದ್ದಿದ್ರೆ ಮಾರುತಿ ಬರ್ತಿತ್ತು."

ಫೈಬರ್ ಕಾರು ಅಂದರೆ ಅಗ್ಗದ ಮಾಲು ಅನ್ನುವ ಭಾವನೆ ನಮ್ಮಲ್ಲಿತ್ತು. ನಿಜ ಸಂಗತಿ ಬೇರೆ. ತಗಡಿನ ಕಾರು ಮಾಡಬೇಕಾದರೆ ಬಾಗಿಲಿಗೊಂದು, ಬಾನೆಟ್‌ಗೊಂದು ಅಂತ ದೊಡ್ಡ ದೊಡ್ಡ ಡೈ ಬೇಕು, ಅದನ್ನು ಒತ್ತಲಿಕ್ಕೆ ಮನೆಯಷ್ಟೆತ್ತರದ ಪ್ರೆಸ್ ಬೇಕು. ವರ್ಷಕ್ಕೆ ಸಾವಿರಾರು ಕಾರು ಮಾರಿದರೆ ಮಾತ್ರ ಆ ದುಡ್ಡು ವಾಪಸ್. ಫೈಬರ್‌ಗೆ ಒಂದು ಅಚ್ಚು, ಮ್ಯಾಟು, ರೆಸಿನ್ನು, ಕೈಕೆಲಸದವರು ಸಾಕು. ಹಾಗಾಗಿ ಕಾರು ಕಾರ್ಖಾನೆ ಇಲ್ಲದ ದೇಶಗಳು ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ಈ ರಿಲಯಂಟ್ ಕಂಪನಿಯ ಬಾಗಿಲು ತಟ್ಟಿದವು. ಇಸ್ರೇಲಿನವರು ಇವರ ನೆರವಿನಿಂದ ಸುಸಿತಾ ಮಾಡಿದರು, 1961ರಲ್ಲಿ ಸಬ್ರಾ ಸ್ಪೋರ್ಟ್ ಅನ್ನುವ ನಿಜವಾದ ಸ್ಪೋರ್ಟ್ಸ್ ಕಾರನ್ನೂ ತಂದರು. ಟರ್ಕಿಯವರು 1966ರಲ್ಲಿ ಅನಾಡೋಲ್ ಮಾಡಿದರು. ಅನಾಡೋಲ್ ಕಾರನ್ನು ಎತ್ತು ತಿಂದಿತು ಅನ್ನುವ ಗಾಳಿಮಾತು ಟರ್ಕಿಯಲ್ಲಿ ಇವತ್ತಿಗೂ ಉಂಟಂತೆ. ಮೂರನೆಯ ಸಾಲಿನಲ್ಲಿ ಬೆಂಗಳೂರು. ಸ್ವತಃ ರಿಲಯಂಟ್‌ನವರು ಇದೇ ಕ್ರಮದಲ್ಲಿ ಸಬ್ರೆ, ಆಮೇಲೆ ಸಿಮಿಟಾರ್ ಅನ್ನುವ ವೇಗದ ಕಾರುಗಳನ್ನು ಮಾಡಿದರು. ಇಂಗ್ಲೆಂಡಿನ ರಾಜಕುಮಾರಿ ಆ್ಯನ್ ಸಿಮಿಟಾರ್ ಓಡಿಸುತ್ತಿದ್ದರು. ನಮ್ಮ ಕೊಟ್ಟಿಗೆಯ ಡಾಲ್ಫಿನ್ ಆ ಲೆಕ್ಕದಲ್ಲಿ ರಾಜಕುಮಾರಿಯ ಕಾರಿನ ದಾಯಾದಿ. ಇದನ್ನು ಹೇಳಿದ್ದಕ್ಕೆ ದೊಡ್ಡಮ್ಮ ನಕ್ಕರು ಅಷ್ಟೇ.

ಈಗ ಎಲುಬಿನ ವಿಷಯ. ಇವತ್ತಿನ ಕಾರುಗಳಿಗೆ ಬೇರೆ ಚಾಸಿ ಅಂತ ಇರುವುದಿಲ್ಲ, ತಗಡಿನ ಮೈಯೇ ಎಲುಬು. ಹಳೆ ಕ್ರಮದಲ್ಲಿ ಅಡಿಯಲ್ಲಿ ಏಣಿ ಮಲಗಿಸಿದ ಹಾಗೆ ಎರಡು ಉದ್ದ ಪಟ್ಟಿ, ನಡುನಡುವೆ ಅಡ್ಡಪಟ್ಟಿ. ಎಂಜಿನ್, ಸಸ್ಪೆನ್ಷನ್, ಸ್ಟೇರಿಂಗ್ ಎಲ್ಲ ಅದಕ್ಕೇ. ಮೈ ಅಂದರೆ ಮೇಲೆ ಹೊದಿಸಿದ ಚಿಪ್ಪು. ಫೈಬರ್ ಮೈಯ ಕಾರಿಗೆ ಇದು ಬೇಕೇ ಬೇಕು ಅಂತಲ್ಲ. ಇಂಗ್ಲೆಂಡಿನ ಲೋಟಸ್‌ನವರು 1957ರಲ್ಲಿ ತೋರಿಸಿದ ಎಲೀಟ್ ಕಾರಿಗೆ ಚಾಸಿಯೇ ಇರಲಿಲ್ಲ, ಫೈಬರ್ ಮೈಯೇ ಎಲ್ಲವನ್ನೂ ಹೊರುತ್ತಿತ್ತು. ಚೆಂದದ ಕಾರು, ಆದರೆ ಮಾಡಲಿಕ್ಕೆ ದುಬಾರಿ, ಕಂಪನಿ ಕೈ ಸುಟ್ಟುಕೊಂಡಿತು. 1962ರ ಎಲಾನ್ ಹೊತ್ತಿಗೆ ಸಸ್ಪೆನ್ಷನ್ ಪರೀಕ್ಷೆ ಮಾಡಲಿಕ್ಕೆ ಅಂತ ಉಕ್ಕಿನ ತಗಡು ಮಡಚಿ ಬೆನ್ನೆಲುಬಿನಂಥ ಒಂದು ಚೌಕಟ್ಟು ಮಾಡಿದರು, ಅದು ಎಷ್ಟು ಚೆನ್ನಾಗಿತ್ತೆಂದರೆ ಅದನ್ನೇ ಕಾರಿಗೆ ಇಟ್ಟುಬಿಟ್ಟರು. ತಾತ್ಕಾಲಿಕ ಅಂತ ಬರೆದ ಕೋಡ್ ಪ್ರೊಡಕ್ಷನ್‌ಗೆ ಹೋಗುವುದು ಸಾಫ್ಟ್‌ವೇರಿನಲ್ಲಿ ಮಾತ್ರ ಅಂತ ನಾನು ತಿಳಿದಿದ್ದೆ. ಇವತ್ತು ಎಲಾನ್ ಇಟ್ಟುಕೊಂಡವರು ಚಾಸಿ ಪೂರ್ತಿ ಬದಲಿಸುವುದು ಅಲ್ಲಿ ತೀರಾ ಮಾಮೂಲಿ. ಮೈ ಅರುವತ್ತು ವರ್ಷ ಬಾಳುತ್ತದೆ, ಎಲುಬು ಅಷ್ಟು ಬಾಳುವುದಿಲ್ಲ.

ಮೋಸ ಇರುವುದೇ ಇಲ್ಲಿ. ಅಂಬಾಸಿಡರ್‌ಗೆ ತುಕ್ಕು ಹಿಡಿದರೆ ಬಾಗಿಲ ಬುಡದಲ್ಲಿ ಪೈಂಟು ಬೊಕ್ಕೆ ಎದ್ದು ಯಜಮಾನನಿಗೆ ಹೇಳುತ್ತದೆ. ಫೈಬರ್ ಕಾರು ಹೇಳುವುದಿಲ್ಲ. ಮೇಲೆ ಮದುಮಗನ ಹಾಗೆ ಹೊಳೆಯುತ್ತಾ ಕೆಳಗೆ ಕರಗುತ್ತಾ ಇರುತ್ತದೆ. ಅದರಲ್ಲೂ ನಮ್ಮ ಊರು. ಒಂದು ಕಡೆ ಸುವರ್ಣಾ ನದಿ, ಇನ್ನೊಂದು ಕಡೆ ಮಲ್ಪೆಯ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಮಳೆ. ಪೆಟ್ಟಿಗೆಯಾಕಾರದ ಪಟ್ಟಿಯ ಒಳಗೆ ಒಮ್ಮೆ ಹೋದ ತೇವ ಹೊರಗೆ ಬರುವುದೇ ಇಲ್ಲ.

ಬೋಲ್ಟ್‌ಗಳನ್ನು ಬಿಚ್ಚಲಿಕ್ಕೆ ಆಗಲಿಲ್ಲ, ಗ್ರೈಂಡರಿನಲ್ಲಿ ತಲೆ ಹಾರಿಸಬೇಕಾಯ್ತು. ಆಮೇಲೆ ಆರು ಜನ ಸೇರಿ ಮೈಯನ್ನು ಎತ್ತಿ ಅಂಗಳದಲ್ಲಿಟ್ಟೆವು. ಮದುವೆ ಚಪ್ಪರದ ತಟ್ಟಿ ಎತ್ತಿದಷ್ಟೇ ಸುಲಭ. ಚಾಸಿಯನ್ನು ಹೆದ್ದಾರಿ ಬದಿಯ ಮೇಸ್ತ್ರಿಯ ಶೆಡ್ಡಿಗೆ ಸಾಗಿಸಿದೆವು. ನಾನು ಬಿ.ಇ. ಮೆಕ್ಯಾನಿಕಲ್ ಓದಿ ಜಾವಾ ಬರೆಯುವವನು. ಜಾವಾ ಅಂದರೆ ಮೈಸೂರಿನ ಬೈಕು ಅಂತ ದೊಡ್ಡಪ್ಪ ಬಹಳ ವರ್ಷ ನಂಬಿದ್ದರು, ಓದಿದ್ದಕ್ಕೆ ತಕ್ಕ ಕೆಲಸ ಸಿಕ್ಕಿತು ಅಂತ ಖುಷಿಯಲ್ಲಿದ್ದರು. ಹಾಗಾಗಿ ಶನಿವಾರ ಭಾನುವಾರ ಶೆಡ್ಡಿನಲ್ಲಿ ನನಗೆ ಕೊಟ್ಟ ಕೆಲಸ ಎರಡು, ವೈರ್ ಬ್ರಷ್ ಹಾಕುವುದು ಮತ್ತು ಅಳತೆ ಬರೆದುಕೊಳ್ಳುವುದು.

ಬ್ರಷ್ ಹಾಕುತ್ತಾ ಹೋದ ಹಾಗೆ ಚಾಸಿ ಓದಲಿಕ್ಕೆ ಸಿಕ್ಕಿತು. ಎಡಗಡೆಯ ಪಟ್ಟಿಯಲ್ಲಿ ಒಂದು ಕಡೆ ಹಿತ್ತಾಳೆ ಬಣ್ಣದ ಸಣ್ಣ ಗೆರೆ, ಅದು ಗ್ಯಾಸ್‌ನಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಬೆಸೆದದ್ದು. ಅದರಾಚೆ ಇಲಿಯ ಹಿಕ್ಕೆ ಸಾಲಿಟ್ಟ ಹಾಗೆ ದಪ್ಪ ದಪ್ಪ ಆರ್ಕ್ ವೆಲ್ಡಿಂಗ್. ಹಿಂದಿನ ಸ್ಪ್ರಿಂಗ್ ಹಿಡಿಯುವ ಜಾಗದಲ್ಲಿ ಯಾರೋ ಪುಣ್ಯಾತ್ಮ ಬಸ್ಸಿನ ಸ್ಪ್ರಿಂಗ್ ಪಟ್ಟಿಯ ತುಂಡನ್ನೇ ತೇಪೆ ಹಾಕಿದ್ದ. ತೇಪೆ ಸರಿಯಾಗಿತ್ತು, ಅದರ ಪಕ್ಕದಲ್ಲೇ ಚಾಸಿಗೆ ಕೂದಲೆಳೆಯಷ್ಟು ಬಿರುಕು. ಸ್ಪ್ರಿಂಗಿನ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ಬೆಸುಗೆಯ ಬಿಸಿಗೆ ಅಂಚಿನಲ್ಲಿ ಗಾಜಿನ ಹಾಗೆ ಗಡಸಾಗುತ್ತದೆ, ಬಾಗಬೇಕಾದಲ್ಲಿ ಬಾಗದೆ ಬಿಡುತ್ತದೆ, ಸೀಳುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ. ಮೇಸ್ತ್ರಿ ಓದಿಲ್ಲ, ಆದರೆ ಆ ಹಿತ್ತಾಳೆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ ಬಹಳ ಹೊತ್ತು ಸುಮ್ಮನಿದ್ದು, "ಇದು ನಮ್ಮ ಗುರುಗಳ ಕೈ" ಅಂದ್ರು. ಗುರುಗಳು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯ್ತಂತೆ. ಗೆರೆ ಮಾತ್ರ ಒಂದು ಕಡೆಯೂ ಬಿಟ್ಟಿರಲಿಲ್ಲ.

ಬಸ್ ಸ್ಪ್ರಿಂಗ್ ತೇಪೆ ಕೂಡ ನಮ್ಮ ಕರಾವಳಿಯ ಚರಿತ್ರೆಯೇ. ರೈಲು ಬರುವ ಎಷ್ಟೋ ಮೊದಲೇ ಇಲ್ಲಿ ಊರೂರಿಗೆ ಬಸ್ ಬಂತು. ಮಂಗಳೂರಿನ ಸಿ.ಪಿ.ಸಿ. ಕಂಪನಿ 1914ರದ್ದು. ಬಸ್ಸು ಅಂದರೆ ಆಗ ಬರೀ ಚಾಸಿ ಬರುವುದು, ಮೈ ಇಲ್ಲೇ ಕಟ್ಟುವುದು. ಬರೀ ಚಾಸಿಯ ಮೇಲೆ ಸ್ಟೂಲಿನಂಥ ಸೀಟಿನಲ್ಲಿ ಕೂತು, ತಲೆಗೆ ಟವೆಲ್ ಸುತ್ತಿ ಹೆದ್ದಾರಿಯಲ್ಲಿ ಹೋಗುವ ಡ್ರೈವರುಗಳನ್ನು ಸಣ್ಣವರಿದ್ದಾಗ ನಾವೇ ನೋಡಿದ್ದೇವೆ. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಮೂವರಲ್ಲಿ ಒಬ್ಬರು ಡಾಕ್ಟರ್, ಒಬ್ಬರು ವ್ಯಾಪಾರಿ, ಮೂರನೆಯವರು ವಾಮನ ಕುಡ್ವರು, ಎಂಜಿನಿಯರ್. ಮಂಗಳೂರಿನಲ್ಲಿ ಅವರ ಕೆನರಾ ವರ್ಕ್‌ಶಾಪ್ಸ್ ಮಾಡಿದ ಕೆನರಾ ಸ್ಪ್ರಿಂಗ್ಸ್ ಲಾರಿ ಬಸ್ಸಿನವರ ಬಾಯಲ್ಲಿ ಮನೆಮಾತು. ಇಂಥ ಕಡೆ ಕಬ್ಬಿಣ ಕಾಯಿಸಿ ಬಗ್ಗಿಸುವವರಿಗೆ, ಲೇತ್ ಹಿಡಿಯುವವರಿಗೆ ಬರ ಬರಲಿಲ್ಲ. ಬೆಂಗಳೂರಿನಲ್ಲಿ ಡಾಲ್ಫಿನ್ ಮಾಡುವವರು ನಿಲ್ಲಿಸಿದ ಮೇಲೂ ಒಂದು ಡಾಲ್ಫಿನ್ ಸಂತೆಕಟ್ಟೆಯಲ್ಲಿ ಓಡಿಕೊಂಡಿದ್ದರೆ ಅದಕ್ಕೆ ಈ ಬಸ್ಸಿನ ಮೇಸ್ತ್ರಿಗಳೇ ಕಾರಣ. ಸ್ಪೇರ್ ಪಾರ್ಟ್ ಸಿಗುವುದಿಲ್ಲ ಅನ್ನುವ ಮಾತೇ ಅವರಿಗೆ ಅರ್ಥ ಆಗುತ್ತಿರಲಿಲ್ಲ.

ನನಗೆ ಮಾತ್ರ ಒರಿಜಿನಲ್ ಹುಚ್ಚು. ಮುಂದಿನ ಸಸ್ಪೆನ್ಷನ್ ಹಿಡಿಯುವ ಭಾಗ ತೀರಾ ಹೋಗಿತ್ತು. ಇಂಗ್ಲೆಂಡಿನಲ್ಲಿರುವ ಗೆಳೆಯನ ಮೂಲಕ ಗುಜರಿಗೆ ಹೋದ ಒಂದು ಕಿಟನ್ ಕಾರಿನಿಂದ ಆ ತುಂಡನ್ನು ಕತ್ತರಿಸಿ ತರಿಸಿದೆ. ಪಾರ್ಸೆಲ್ ಖರ್ಚು, ಕಸ್ಟಮ್ಸ್ ಎಲ್ಲ ಸೇರಿ ಆದ ದುಡ್ಡನ್ನು ಇಲ್ಲಿ ಬರೆದರೆ ಮನೆಯಲ್ಲಿ ಓದುವವರಿದ್ದಾರೆ. ತಂದು ಇಟ್ಟರೆ ಕೂರಲಿಲ್ಲ. ಎಡಗಡೆ ತೂತಿಗೆ ತೂತು ಸರಿ, ಬಲಗಡೆ ಹನ್ನೊಂದು ಮಿಲಿಮೀಟರ್ ಆಚೆ.

"ನಿಮ್ಮ ಲಂಡನ್ ಮಾಲು ವಕ್ರ ಉಂಟು" ಅಂದ ಶೆಡ್ಡಿನ ಹುಡುಗ.

ಮೇಸ್ತ್ರಿ ಅವನನ್ನು ಸುಮ್ಮನಿರಿಸಿ ಗಾರೆಯವರ ತೂಗುಗುಂಡು ತರಿಸಿದರು. ಚಾಸಿಯನ್ನು ನಾಲ್ಕು ಕುದುರೆ ಸ್ಟ್ಯಾಂಡಿನ ಮೇಲೆ ಮಟ್ಟಕ್ಕೆ ಕೂರಿಸಿ, ಸಸ್ಪೆನ್ಷನ್ ಸೇರುವ ಪ್ರತಿ ತೂತಿನಿಂದ ದಾರ ಇಳಿಬಿಟ್ಟು, ಗುಂಡಿನ ಮೊನೆ ನಿಂತಲ್ಲಿ ನೆಲಕ್ಕೆ ಚಾಕ್ ಗುರುತು ಹಾಕಿದೆವು. ಆಮೇಲೆ ಚಾಸಿಯನ್ನು ಬದಿಗಿಟ್ಟು ನೆಲದ ಗುರುತುಗಳ ನಡುವೆ ಕರ್ಣ ಅಳೆದೆವು. ಎರಡು ಕರ್ಣ ಸಮ ಇದ್ದರೆ ಚೌಕ ಸರಿ ಅನ್ನುವುದು ಆರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಸಮ ಇರಲಿಲ್ಲ. ಇಂಗ್ಲೆಂಡಿನ ತುಂಡು ಸರಿಯಾಗಿಯೇ ಇತ್ತು, ವಕ್ರ ಇದ್ದದ್ದು ನಮ್ಮ ಚಾಸಿ. ಟೆಸ್ಟ್ ಫೇಲ್ ಆದರೆ ಹೊಸದಾಗಿ ಬಂದ ಕೋಡನ್ನೇ ಬೈಯುವುದು ಎಲ್ಲ ಕಡೆಯೂ ಇದ್ದದ್ದೇ.

ಸಂಜೆ ಮನೆಗೆ ಹೋಗಿ ದೊಡ್ಡಪ್ಪನನ್ನು ಕೇಳಿದೆ, ಗಾಡಿ ಯಾವಾಗಾದರೂ ಬಲಗಡೆ ಎಲ್ಲಿಗಾದರೂ ಹೊಡೆದಿತ್ತಾ ಅಂತ. ದೊಡ್ಡಪ್ಪ ಅಡುಗೆಮನೆ ಕಡೆ ನೋಡಿ, ದನಿ ತಗ್ಗಿಸಿ, "ಆಗುಂಬೆಯಲ್ಲಿ" ಅಂದ್ರು. 1987ರಲ್ಲಿ ದನ ಅಡ್ಡ ಬಂದು ಸಣ್ಣದಾಗಿ ತಾಗಿತು ಅನ್ನುವುದು ಮನೆಯ ಅಧಿಕೃತ ಚರಿತ್ರೆ. ದನ ಗಿನ ಏನೂ ಇರಲಿಲ್ಲವಂತೆ. ಬೆಂಗಳೂರಿನ ರ‍್ಯಾಲಿ ದೋಸ್ತಿಗಳು ಇಬ್ಬರು ಬಂದಿದ್ದರು, ಹದಿನಾಲ್ಕು ತಿರುವನ್ನು ಯಾರು ಎಷ್ಟು ನಿಮಿಷದಲ್ಲಿ ಹತ್ತುತ್ತಾರೆ ಅಂತ ಪಂದ್ಯ. ಒಂದು ತಿರುವಿನ ತಡೆಗೋಡೆಗೆ ಬಲ ಚಕ್ರ. ಫೈಬರ್ ಮೈಯನ್ನು ಮರುವಾರವೇ ಸರಿ ಮಾಡಿಸಿ ತಂದರು, ಗೆರೆ ಕೂಡ ಕಾಣಲಿಲ್ಲ. ಅಡಿಯ ಚಾಸಿ ಬಾಗಿದ್ದನ್ನು ಯಾರೂ ನೋಡಲಿಲ್ಲ. ಅಲ್ಲಿಂದ ಮುಂದೆ ಗಾಡಿ ಯಾವಾಗಲೂ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತಂತೆ. "ರಸ್ತೆ ಇಳಿಜಾರು ಅಂತ ನಿನ್ನ ದೊಡ್ಡಮ್ಮನಿಗೆ ಹೇಳ್ತಿದ್ದೆ."

ಮೇಸ್ತ್ರಿಯ ಸಲಹೆ ಸರಳ ಇತ್ತು. ಹಳೆಯದನ್ನು ಬಿಸಾಡುವ, ಅದರ ಅಳತೆಗೆ ಬೈಕಂಪಾಡಿಯಿಂದ ಮಾಲು ತಂದು ಹೊಸ ಚಾಸಿಯೇ ಮಾಡುವ. ತೇಪೆಗಿಂತ ಗಟ್ಟಿ, ಖರ್ಚೂ ಕಮ್ಮಿ. ಎಂಜಿನಿಯರ್ ಆಗಿ ನನಗೂ ಅದೇ ಸರಿ ಕಂಡಿತು. ಆದರೆ ಬಲಗಡೆ ಉದ್ದ ಪಟ್ಟಿಯ ಮುಂಭಾಗದಲ್ಲಿ ತುಕ್ಕಿನ ನಡುವೆ ಪಂಚ್ ಹೊಡೆದ ನಂಬರ್ ಉಂಟಲ್ಲ. ಆರ್.ಸಿ. ಪುಸ್ತಕಕ್ಕೆ ಈ ಕಾರು ಅಂದರೆ ಮೈಯಲ್ಲ, ಸೀಟಲ್ಲ, ಆ ನಂಬರ್. ಹೊಸ ಚಾಸಿಗೆ ಮೈ ಕೂರಿಸಿದರೆ ಕಾನೂನಿನ ಕಣ್ಣಿಗೆ ದೊಡ್ಡಪ್ಪನ ಕಾರು ಇಲ್ಲವಾಗುತ್ತದೆ. ನಂಬರಿನ ತುಂಡನ್ನು ಮಾತ್ರ ಕತ್ತರಿಸಿ ಹೊಸದಕ್ಕೆ ಬೆಸೆದರೆ ಹೇಗೆ ಅಂತ ನಾನು ಬಾಯಿ ಬಿಟ್ಟೆ. ಮೇಸ್ತ್ರಿ ಗ್ಲೌಸ್ ತೆಗೆದು ಮೇಜಿನ ಮೇಲಿಟ್ಟರು. "ಅದು ಕಳ್ಳ ಗಾಡಿಯವರ ಕೆಲಸ. ನನ್ನ ಶೆಡ್ಡಿನಲ್ಲಿ ಆಗ್ಲಿಕ್ಕಿಲ್ಲ." ನನಗೆ ಕಿವಿ ಬಿಸಿಯಾಯ್ತು.

ಇನ್ನೊಂದು ತೊಡಕೂ ಉಂಟು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ ಗಾಡಿಗೆ ಬೇರೆ ಸಾಲಿನ ನಂಬರ್, ಅದರಲ್ಲಿ 'ವಿಎ' ಅನ್ನುವ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ. ಷರತ್ತು ಏನೆಂದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನ ಮಾರ್ಪಾಡು ಒಳಗೊಂಡ ದೊಡ್ಡ ರಿಪೇರಿ ಆಗಿರಬಾರದು. ನಮ್ಮ ಡಾಲ್ಫಿನ್‌ಗೆ ಐವತ್ತು ತುಂಬುವುದು 2034ರಲ್ಲಿ. ಅಲ್ಲಿಯವರೆಗೆ ಅದು ವಿಂಟೇಜೂ ಅಲ್ಲ, ಐದೈದು ವರ್ಷಕ್ಕೆ ಎಫ್.ಸಿ. ಮಾಡಿಸಬೇಕಾದ ಮುದಿ ಗಾಡಿ. ಎಫ್.ಸಿ. ಸಿಗಬೇಕಾದರೆ ಚಾಸಿ ರಿಪೇರಿ ಆಗಲೇಬೇಕು, ವಿಂಟೇಜ್ ಆಗಬೇಕಾದರೆ ಚಾಸಿ ಮುಟ್ಟಬಾರದು. ಈ ನಿಯಮ ಬರೆದವರು ಸಮುದ್ರ ತೀರದ ಊರಿನವರಿರಲಿಕ್ಕಿಲ್ಲ. ಚಾಸಿ ರಿಪೇರಿ ಮಾಡದೆ ಐವತ್ತು ವರ್ಷ ಓಡಿದ ಕಾರು ಮಲ್ಪೆಯಿಂದ ಕಾಪುವರೆಗೆ ಒಂದು ಸಿಕ್ಕಿದರೆ ನನಗೆ ತಿಳಿಸಿ. ಕೆಟ್ಟದ್ದನ್ನು ಅದೇ ಅಳತೆಗೆ ಸರಿ ಮಾಡುವುದು ಬೇರೆ, ಮಾರ್ಪಾಡು ಬೇರೆ ಅಂತ ನಾನು ವಾದ ಮಾಡಬಲ್ಲೆ. 2034ರಲ್ಲಿ ಕೌಂಟರಿನ ಆಚೆ ಕೂತವರು ಒಪ್ಪಬೇಕಲ್ಲ.

ದೊಡ್ಡಪ್ಪನನ್ನೇ ಕೇಳಿದೆವು. ಅವರಿಗೆ 2034ರ ಲೆಕ್ಕ ಬೇಡವಾಗಿತ್ತು. "ಆಗ ನಾನು ಇರ್ಲಿಕ್ಕುಂಟಾ? ನಂಬರ್ ಇರುವ ಕಬ್ಬಿಣ ಇರ್ಲಿ, ಗುರುಗಳ ಹಿತ್ತಾಳೆ ಇರ್ಲಿ, ಉಳಿದದ್ದು ನಿಮಗೆ ಬಿಟ್ಟದ್ದು."

ಹಾಗೇ ಮಾಡಿದೆವು. ಮೊದಲು ಎರಡು ಪಟ್ಟಿಗಳ ನಡುವೆ ಕೋನ ಪಟ್ಟಿಗಳನ್ನು ತಾತ್ಕಾಲಿಕವಾಗಿ ಬೆಸೆದು ಅಲ್ಲಾಡದಂತೆ ಕಟ್ಟಿದರು, ಇಲ್ಲದಿದ್ದರೆ ಒಂದು ಕಡೆ ಕತ್ತರಿಸಿದ ಕೂಡಲೇ ಇನ್ನೊಂದು ಕಡೆ ತಿರುಚಿಕೊಳ್ಳುತ್ತದೆ. ಆಗುಂಬೆಯ ಡೊಂಕನ್ನು ನೆಲದ ಕಾಂಕ್ರೀಟಿಗೆ ಸರಪಳಿ ಬಿಗಿದು ಹೈಡ್ರಾಲಿಕ್ ಜಾಕಿನಲ್ಲಿ ತಳ್ಳಿ ತೆಗೆದದ್ದು. ಹನ್ನೊಂದು ಮಿಲಿಮೀಟರ್ ಸರಿ ಮಾಡಲಿಕ್ಕೆ ಹದಿನಾರರವರೆಗೆ ತಳ್ಳಬೇಕು, ಬಿಟ್ಟಾಗ ಕಬ್ಬಿಣ ಐದು ವಾಪಸ್ ಬರುತ್ತದೆ. ಎರಡು ದಿನ ಹಿಡಿಯಿತು. ತುಕ್ಕು ತಿಂದದ್ದನ್ನು ಹೊಳೆಯುವ ಕಬ್ಬಿಣ ಸಿಗುವವರೆಗೂ ಕತ್ತರಿಸಿದರು. ಅಲ್ಲಿ ಕಂಜೂಸ್‌ತನ ಮಾಡಿದರೆ ಹೊಸ ತುಂಡನ್ನು ತುಕ್ಕಿಗೇ ಬೆಸೆದ ಹಾಗೆ. ಹೊಸ ತುಂಡುಗಳನ್ನು ಮೊದಲು ಚುಕ್ಕೆ ಚುಕ್ಕೆಯಾಗಿ ಟ್ಯಾಕ್ ಹಾಕಿ, ಮತ್ತೆ ಕರ್ಣ ಅಳೆದು, ಆಮೇಲೆ ಇಲ್ಲಿ ಒಂದಿಂಚು, ಎದುರುಗಡೆ ಒಂದಿಂಚು ಅಂತ ಬೆಸೆಯುತ್ತಾ ಹೋದರು. ಒಂದೇ ಕಡೆ ಉದ್ದಕ್ಕೆ ಎಳೆದರೆ ಬಿಸಿಗೆ ಮತ್ತೆ ವಕ್ರ. ಪ್ರತಿ ಬೆಸುಗೆಯ ನಂತರ ತಣಿಯಲಿಕ್ಕೆ ಬಿಟ್ಟು ಚಾ ಕುಡಿದದ್ದರಿಂದ ನನಗೆ ಆ ತಿಂಗಳು ರಾತ್ರಿ ನಿದ್ದೆ ಸರಿ ಬರಲಿಲ್ಲ. ಇಂಗ್ಲೆಂಡಿನ ತುಂಡು ಕೊನೆಗೆ ಎರಡೂ ಕಡೆ ತೂತಿಗೆ ತೂತು ಕೂತಿತು. ಬುಷ್‌ಗಳನ್ನು ಲೇತಿನಲ್ಲಿ ಮಾಡಿಸಿದೆವು. ಪಟ್ಟಿಗಳ ಅಡಿಯಲ್ಲಿ ನೀರಿಳಿಯುವ ತೂತು ಕೊರೆದು, ಸತುವಿನ ಪ್ರೈಮರ್ ಹೊಡೆದು, ಒಳಗೆ ಮೇಣ ಚಿಮ್ಮಿಸಿದೆವು.

ಪಕ್ಕಾಸು ಬಿದ್ದು ಸೀಳಿದ ತಲೆಗೆ ಮಲ್ಪೆಯಿಂದ ಫೈಬರ್ ದೋಣಿ ಮಾಡುವವರೊಬ್ಬರು ಬಂದರು. ಮ್ಯಾಟು ಹಾಸಿ ರೆಸಿನ್ ಸವರುತ್ತಾ, "ದೋಣಿಯದ್ದೂ ಇದೇ ಕತೆ" ಅಂದ್ರು. ಮರಕ್ಕೆ ಮೇಲಿಂದ ಫೈಬರ್ ಹೊದಿಸುತ್ತಾರೆ, ನೋಡಲಿಕ್ಕೆ ಹೊಸತು, ಒಳಗೆ ಎಲ್ಲಾದರೂ ತೇವ ಹೊಕ್ಕರೆ ಮರ ಕೊಳೆತು ಅವಲಕ್ಕಿ ಆಗಿರುತ್ತದೆ. ಅವರು ಕಾರಿನ ಮೈಯನ್ನು ಉದ್ದಕ್ಕೂ ನಾಣ್ಯದಿಂದ ಕುಟ್ಟಿ ಕಿವಿ ಕೊಟ್ಟು ಕೇಳಿದರು. ಎರಡು ಕಡೆ ಗುರುತು ಹಾಕಿದರು, ಎರಡೂ ಕಡೆ ಒಳಗೆ ಪದರ ಬಿಟ್ಟಿತ್ತು.

ನನ್ನ ಅಳತೆ ಪುಸ್ತಕ, ಪ್ರತಿ ಹಂತದ ಫೋಟೋ, ಕತ್ತರಿಸಿ ತೆಗೆದ ಕಬ್ಬಿಣದ ತೂಕ (ಒಂಬತ್ತೂವರೆ ಕಿಲೋ) ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಆರ್.ಸಿ.ಯ ಜೊತೆ ಇಟ್ಟಿದ್ದೇನೆ. ಬಸ್ ಸ್ಪ್ರಿಂಗಿನ ತೇಪೆಯನ್ನು ಬಿಸಾಡಲು ಮನಸ್ಸು ಬರಲಿಲ್ಲ, ಈಗ ಅದು ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕ ಉಂಟು.

ಎಫ್.ಸಿ.ಗೆ ಹೋದ ದಿನ ದೊಡ್ಡಪ್ಪನೇ ಓಡಿಸಿದರು. ಗಾಡಿ ಎಡಕ್ಕೆ ಎಳೆಯುವುದು ನಿಂತಿತ್ತು, ಆದರೆ ಮೂವತ್ತು ಚಿಲ್ಲರೆ ವರ್ಷದ ಅಭ್ಯಾಸಕ್ಕೆ ಅವರ ಕೈ ಸ್ಟೇರಿಂಗನ್ನು ಬಲಕ್ಕೆ ಒತ್ತಿಕೊಂಡೇ ಇತ್ತು, ಅಂಬಾಗಿಲು ದಾಟುವವರೆಗೆ ನನ್ನ ಜೀವ ಬಾಯಿಗೆ ಬಂದಿತ್ತು. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ, ಕಾಗದ ಇಟ್ಟು, ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿದರು. ಒಂದೊಂದೇ ಅಂಕಿ ಕಾಗದದಲ್ಲಿ ಮೂಡಿತು. ಕೊನೆಯದು ತುಕ್ಕಿನ ಗುಳಿಯಲ್ಲಿ ಅರ್ಧ ಮಾತ್ರ ಬಂತು. ಅವರು ಕಾಗದವನ್ನು ಬೆಳಕಿಗೆ ಹಿಡಿದು, ಆರ್.ಸಿ. ನೋಡಿ, ಮತ್ತೆ ಕಾಗದ ನೋಡಿ, ಅದೇ ಜಾಗದಲ್ಲಿ ಇನ್ನೊಮ್ಮೆ ಉಜ್ಜಿದರು. ದೊಡ್ಡಪ್ಪ ನನ್ನ ಮೊಣಕೈ ಹಿಡಿದುಕೊಂಡಿದ್ದರು.

"ಎಂಟಾ, ಮೂರಾ?" ಅಂತ ಕೇಳಿದರು ಇನ್‌ಸ್ಪೆಕ್ಟರ್.

"ಎಂಟು ಸಾರ್" ಅಂದ್ರು ದೊಡ್ಡಪ್ಪ.